ಹನ್ನೊಂದು ವರ್ಷ ಕೋಡ್ ಬರೆದವರು ಕಂಪನಿ ಕಟ್ಟಬಹುದೇ?

ಪ್ರಶ್ನೆ: ನನಗೆ 36 ವರ್ಷ. ಹನ್ನೊಂದು ವರ್ಷಗಳಿಂದ ದೊಡ್ಡ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಸ್ವಂತ ಉತ್ಪನ್ನ ಮಾಡಿ ಕಂಪನಿ ಆರಂಭಿಸಬೇಕೆಂಬ ಆಸೆ ಬಹಳ ದಿನಗಳದ್ದು. ಆದರೆ ಸ್ಟಾರ್ಟ್‌ಅಪ್ ಸಂಸ್ಥಾಪಕರ ಪರಿಚಯಗಳನ್ನು ಓದಿದಾಗಲೆಲ್ಲ ಅವರು ಹೆಸರಾಂತ ವಿಶ್ವವಿದ್ಯಾಲಯದಲ್ಲಿ ಓದಿದವರಾಗಿರುತ್ತಾರೆ, ಇಲ್ಲವೇ ಇಪ್ಪತ್ತರ ವಯಸ್ಸಿಗೇ ಓದು ಬಿಟ್ಟು ಬಂದವರಾಗಿರುತ್ತಾರೆ. ನಾನು ಎರಡೂ ಅಲ್ಲ. ಈ ದಾರಿಗೆ ನಿಜಕ್ಕೂ ಎಂಥ ಹಿನ್ನೆಲೆ ಬೇಕು? ನನಗೆ ವಯಸ್ಸು ಮೀರಿತೇ? ಕೆಲಸ ಬಿಟ್ಟೇ ಆರಂಭಿಸಬೇಕೇ?

ಉತ್ತರ: ವಯಸ್ಸಿನ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ, ಏಕೆಂದರೆ ಅದಕ್ಕೆ ಅಂಕಿಅಂಶದ ಉತ್ತರವಿದೆ. ಅಮೆರಿಕದ ಜನಗಣತಿ ಇಲಾಖೆಯ ದಾಖಲೆಗಳನ್ನು ಇಟ್ಟುಕೊಂಡು ಪಿಯರ್ ಅಜೂಲೆ, ಬೆಂಜಮಿನ್ ಜೋನ್ಸ್, ಡೇನಿಯಲ್ ಕಿಮ್ ಮತ್ತು ಹಾವಿಯರ್ ಮಿರಾಂಡಾ ಎಂಬ ನಾಲ್ವರು ಸಂಶೋಧಕರು ನಡೆಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ನೌಕರರನ್ನು ನೇಮಿಸಿಕೊಂಡ ಹೊಸ ಕಂಪನಿಗಳ ಸಂಸ್ಥಾಪಕರ ಸರಾಸರಿ ವಯಸ್ಸು, ಆರಂಭದ ಹೊತ್ತಿಗೆ, ಸುಮಾರು 42 ಎಂದು ಅದು ತೋರಿಸಿತು. ಅತಿ ವೇಗವಾಗಿ ಬೆಳೆದ ಸಾವಿರಕ್ಕೊಂದು ಕಂಪನಿಯನ್ನಷ್ಟೇ ಆರಿಸಿ ನೋಡಿದರೆ ಸರಾಸರಿ ಇನ್ನೂ ಮೇಲೇರಿ 45ಕ್ಕೆ ಬರುತ್ತದೆ. ಕಂಪನಿ ಯಾವ ಕ್ಷೇತ್ರದ್ದೋ ಅದೇ ಕ್ಷೇತ್ರದಲ್ಲಿ ಮೊದಲೇ ಕೆಲಸ ಮಾಡಿದ್ದ ಸಂಸ್ಥಾಪಕರು, ಹಾಗೆ ಮಾಡದವರಿಗಿಂತ ಗಣನೀಯವಾಗಿ ಹೆಚ್ಚು ಯಶಸ್ಸು ಕಂಡಿದ್ದರು ಎಂಬುದೂ ಅದೇ ಅಧ್ಯಯನದಲ್ಲಿದೆ. ಆದ್ದರಿಂದ 36 ಎನ್ನುವುದು ತಡವಲ್ಲ; ಸರಾಸರಿಗೆ ಹೋಲಿಸಿದರೆ ನೀವಿನ್ನೂ ಚಿಕ್ಕವರು.

ಹಾಗಿದ್ದರೆ ಓದಿಗೆ ಸಿಗುವ ಪರಿಚಯಗಳಲ್ಲಿ ಇಪ್ಪತ್ತರ ಹುಡುಗರೇ ಏಕೆ ತುಂಬಿಕೊಂಡಿದ್ದಾರೆ ಎಂದು ಕೇಳಬಹುದು. ಅಪರೂಪವಾದದ್ದೇ ಸುದ್ದಿಯಾಗುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನನಗೆ ಹೆಚ್ಚು ಮುಖ್ಯವೆನಿಸುತ್ತದೆ: ಪರಿಚಯ ಬರೆಯುವವರು ಕಂಪನಿ ಗೆದ್ದ ದಿನದಿಂದ ಹಿಂದಕ್ಕೆ ನಡೆಯುತ್ತಾರೆ, ಆ ನಡಿಗೆಯಲ್ಲಿ ಗೆಲುವಿಗೆ ಹೊಂದುವ ಘಟನೆಗಳನ್ನು ಮಾತ್ರ ಹೆಕ್ಕಿಕೊಳ್ಳುತ್ತಾರೆ. ಬಿಲ್ ಗೇಟ್ಸ್ ಹಾರ್ವರ್ಡ್ ಬಿಟ್ಟರು ಎಂಬ ವಾಕ್ಯ ಎಲ್ಲರಿಗೂ ಬಾಯಿಪಾಠ. ಆದರೆ 1968ರಲ್ಲಿ ಅವರು ಓದುತ್ತಿದ್ದ ಲೇಕ್‌ಸೈಡ್ ಶಾಲೆಯಲ್ಲಿ ವಿದ್ಯಾರ್ಥಿಗಳ ತಾಯಂದಿರ ಸಂಘವು ಹಳೆಯ ಸಾಮಾನುಗಳನ್ನು ಮಾರಿ ಬಂದ ಹಣದಲ್ಲಿ ಕಂಪ್ಯೂಟರ್ ಟರ್ಮಿನಲ್ ಸೌಲಭ್ಯ ಮಾಡಿಕೊಟ್ಟಿತೆಂಬುದನ್ನೂ, 1975ರಲ್ಲಿ ಮೈಕ್ರೋಸಾಫ್ಟ್ ಆರಂಭವಾಗುವ ಹೊತ್ತಿಗೆ ಆ ಹುಡುಗ ಏಳು ವರ್ಷ ಪ್ರೋಗ್ರಾಂ ಬರೆದು ಮುಗಿಸಿದ್ದನೆಂಬುದನ್ನೂ ಅಷ್ಟೇ ಒತ್ತುಕೊಟ್ಟು ಹೇಳುವವರು ಕಡಿಮೆ. ಕಾಲೇಜು ಬಿಟ್ಟದ್ದು ಅವರ ಹಿನ್ನೆಲೆಯಲ್ಲ. ಆ ಏಳು ವರ್ಷಗಳು ಅವರ ಹಿನ್ನೆಲೆ.

ಹಿನ್ನೆಲೆ ಎಂಬ ಪದವನ್ನು ನಾನು ಇದೇ ಅರ್ಥದಲ್ಲಿ ಬಳಸುತ್ತೇನೆ. ಕಂಪನಿ ಆರಂಭಿಸುವ ಮುನ್ನ ಒಬ್ಬರು ಯಾವ ತೊಂದರೆಯ ಪಕ್ಕದಲ್ಲಿ, ಎಷ್ಟು ವರ್ಷ, ಎಷ್ಟು ಹತ್ತಿರದಲ್ಲಿ ಕುಳಿತಿದ್ದರು ಎಂಬುದೇ ಹಿನ್ನೆಲೆ. ಪದವಿ, ಊರು, ವಯಸ್ಸು ಇವೆಲ್ಲ ಪರಿಚಯಪತ್ರದ ಮೊದಲ ಸಾಲಿನಲ್ಲಿ ಬರುತ್ತವೆ, ಆದರೆ ಗ್ರಾಹಕನ ಮುಂದೆ ಕುಳಿತಾಗ ನೆರವಿಗೆ ಬರುವುದು ಆ ವರ್ಷಗಳು.

1972ರಲ್ಲಿ ಜರ್ಮನಿಯಲ್ಲಿ ಎಸ್‌ಎಪಿ ಎಂಬ ತಂತ್ರಾಂಶ ಕಂಪನಿಯನ್ನು ಆರಂಭಿಸಿದ ಐವರೂ ಐಬಿಎಂ ನೌಕರರಾಗಿದ್ದವರು. ದೊಡ್ಡ ಕಂಪನಿಗಳು ಲೆಕ್ಕಪತ್ರ, ದಾಸ್ತಾನು, ಸಂಬಳ ಎಂದು ಒಂದೊಂದಕ್ಕೂ ಪ್ರತ್ಯೇಕ ಪ್ರೋಗ್ರಾಂ ಬರೆಸಿಕೊಳ್ಳುವುದನ್ನೂ, ಒಂದರ ಮಾಹಿತಿ ಇನ್ನೊಂದಕ್ಕೆ ತಲುಪದೆ ಜನ ಪರದಾಡುವುದನ್ನೂ ಅವರು ಕೆಲಸದ ಭಾಗವಾಗಿಯೇ ನೋಡಿದ್ದರು. ಸ್ವಂತ ಕಂಪ್ಯೂಟರ್ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಮೊದಲ ಗ್ರಾಹಕ ಐಸಿಐ ಕಂಪನಿಯ ನೈಲಾನ್ ಕಾರ್ಖಾನೆ. ಅಲ್ಲಿನ ಕಂಪ್ಯೂಟರ್ ಬಿಡುವಾಗಿರುತ್ತಿದ್ದ ರಾತ್ರಿ ಮತ್ತು ವಾರಾಂತ್ಯದ ವೇಳೆಗಳಲ್ಲಿ ಅವರು ತಮ್ಮ ಕೋಡ್ ಬರೆದು ಪರೀಕ್ಷಿಸಿದರು. ಗ್ರಾಹಕರ ಯಂತ್ರದ ಮೇಲೆ, ಗ್ರಾಹಕರ ಕಟ್ಟಡದಲ್ಲಿ, ಗ್ರಾಹಕರ ಲೆಕ್ಕದವರು ಬೆಳಿಗ್ಗೆ ಬಂದು ತಪ್ಪು ತೋರಿಸುವಂಥ ಸ್ಥಿತಿಯಲ್ಲಿ ಉತ್ಪನ್ನ ಬೆಳೆಯಿತು. ಇಂದು ಯಾರಾದರೂ ಇಂಥ ಕೊರತೆಯನ್ನು ಬೇಕೆಂದೇ ಸೃಷ್ಟಿಸಿಕೊಂಡರೆ ತಪ್ಪಿಲ್ಲ ಎಂದು ನನಗೆ ಹಲವು ಸಲ ಅನ್ನಿಸಿದೆ.

ಎರಿಕ್ ಯುವಾನ್ ಅವರ ವೃತ್ತಿಜೀವನ ನಿಮ್ಮದಕ್ಕೆ ಇನ್ನೂ ಹತ್ತಿರ. ಚೀನಾದಲ್ಲಿ ಹುಟ್ಟಿ ಬೆಳೆದ ಅವರಿಗೆ ಅಮೆರಿಕದ ವೀಸಾ ಎಂಟು ಸಲ ನಿರಾಕರಣೆಯಾಗಿ ಒಂಬತ್ತನೆಯ ಸಲ ಸಿಕ್ಕಿತು. 1997ರಲ್ಲಿ, ಆನ್‌ಲೈನ್ ಸಭೆಗಳ ತಂತ್ರಾಂಶ ಮಾಡುತ್ತಿದ್ದ ವೆಬ್‌ಎಕ್ಸ್ ಎಂಬ ಚಿಕ್ಕ ಕಂಪನಿಗೆ ಎಂಜಿನಿಯರ್ ಆಗಿ ಸೇರಿದರು. 2007ರಲ್ಲಿ ಸಿಸ್ಕೊ ಆ ಕಂಪನಿಯನ್ನು ಕೊಂಡುಕೊಂಡಿತು, ಯುವಾನ್ ಅಲ್ಲೇ ಉಳಿದು ಎಂಜಿನಿಯರಿಂಗ್ ವಿಭಾಗದ ಹಿರಿಯ ಹುದ್ದೆಗೇರಿದರು. ತಾವೇ ಕಟ್ಟಿದ ಉತ್ಪನ್ನದಿಂದ ಗ್ರಾಹಕರು ಸಂತೋಷವಾಗಿಲ್ಲ ಎಂಬುದು ಅವರನ್ನು ಕೊರೆಯುತ್ತಿತ್ತು. ಮೊಬೈಲ್ ಫೋನ್‌ಗೂ ಹೊಂದುವಂತೆ ಅದನ್ನು ಹೊಸದಾಗಿ ಬರೆಯೋಣವೆಂದು ಮೇಲಿನವರಿಗೆ ಹೇಳಿದರು, ಅವರು ಒಪ್ಪಲಿಲ್ಲ. 2011ರಲ್ಲಿ ಕೆಲಸ ಬಿಟ್ಟು ಜೂಮ್ ಆರಂಭಿಸಿದಾಗ ಅವರ ವಯಸ್ಸು ನಲವತ್ತು ದಾಟಿತ್ತು, ಬೆನ್ನ ಹಿಂದೆ ಒಂದೇ ಬಗೆಯ ತೊಂದರೆಯ ಹದಿನಾಲ್ಕು ವರ್ಷಗಳ ಅನುಭವವಿತ್ತು, ಮತ್ತು ಹಳೆಯ ತಂಡದ ಹಲವಾರು ಎಂಜಿನಿಯರ್‌ಗಳು ಅವರನ್ನು ನಂಬಿ ಜೊತೆಗೆ ಬಂದರು. ಕೊನೆಯದನ್ನು ಗಮನಿಸಿ. ಸಹೋದ್ಯೋಗಿಗಳ ವಿಶ್ವಾಸ ಎಂಬ ಆಸ್ತಿಯನ್ನು ನೌಕರಿಯಲ್ಲಿದ್ದುಕೊಂಡೇ ಗಳಿಸಬೇಕು. ಕಂಪನಿ ನೋಂದಾಯಿಸಿದ ಮೇಲೆ ಅದನ್ನು ಗಳಿಸಲು ಸಮಯ ಇರುವುದಿಲ್ಲ.

ಎಂಜಿನಿಯರಿಂಗ್ ಹಿನ್ನೆಲೆಯೇ ಇಲ್ಲದವರೂ ಈ ಸಾಲಿನಲ್ಲಿದ್ದಾರೆ. ಲೋಟಸ್ 1-2-3 ಎಂಬ ಸ್ಪ್ರೆಡ್‌ಶೀಟ್ ಮಾರುಕಟ್ಟೆಗೆ ತಂದ ಮಿಚ್ ಕೇಪರ್ ಅದಕ್ಕೂ ಮೊದಲು ರೇಡಿಯೊದಲ್ಲಿ ಹಾಡು ಹಾಕುತ್ತಿದ್ದರು, ಧ್ಯಾನ ಕಲಿಸುತ್ತಿದ್ದರು, ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಆಪ್ತ ಸಲಹೆಗಾರರಾಗಿದ್ದರು. ಆದರೆ ಪರಿಚಯಗಳಲ್ಲಿ ರಂಜನೀಯವಾಗಿ ಕಾಣುವ ಈ ಪಟ್ಟಿಗಿಂತ ಮುಖ್ಯವಾದದ್ದು, ಆಗಿನ ಪ್ರಸಿದ್ಧ ಸ್ಪ್ರೆಡ್‌ಶೀಟ್ ವಿಸಿಕ್ಯಾಲ್ಕ್ ಅನ್ನು ಮಾರುತ್ತಿದ್ದ ಕಂಪನಿಯಲ್ಲಿ ಅವರು ಕೆಲಸ ಮಾಡಿದ್ದರು ಎಂಬುದು. ಜನ ಆ ತಂತ್ರಾಂಶದಲ್ಲಿ ಎಲ್ಲಿ ತಡವರಿಸುತ್ತಾರೆ, ಏನನ್ನು ಕೇಳಿ ಸಿಗದೆ ಹೋಗುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. 1983ರಲ್ಲಿ ಲೋಟಸ್ ಬಿಡುಗಡೆಯಾದಾಗ ಮೊದಲ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಮಾರಾಟವಾಗಬಹುದೆಂದು ಅಂದಾಜಿಸಿದ್ದರು. ಆದದ್ದು ಐದು ಕೋಟಿ ಮೂವತ್ತು ಲಕ್ಷ ಡಾಲರ್.

ಮೆಲನಿ ಪರ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ ಇತರ ವಿದ್ಯಾರ್ಥಿಗಳಿಗೆ ವಿನ್ಯಾಸದ ತಂತ್ರಾಂಶಗಳನ್ನು ಕಲಿಸುತ್ತಿದ್ದರು. ಯಾವ ಬಟನ್ ಎಲ್ಲಿದೆ ಎಂಬುದನ್ನು ತಿಳಿಯುವುದಕ್ಕೇ ಆ ವಿದ್ಯಾರ್ಥಿಗಳಿಗೆ ಒಂದು ಸೆಮಿಸ್ಟರ್ ಬೇಕಾಗುತ್ತಿತ್ತು. ಆ ಅನುಭವದಿಂದ ಹುಟ್ಟಿದ್ದು 2007ರಲ್ಲಿ ಶಾಲೆಗಳ ವಾರ್ಷಿಕ ಸಂಚಿಕೆಗಳನ್ನು ಆನ್‌ಲೈನಿನಲ್ಲಿ ವಿನ್ಯಾಸ ಮಾಡುವ ಒಂದು ಚಿಕ್ಕ ವ್ಯವಹಾರ. ನೂರಕ್ಕೂ ಹೆಚ್ಚು ಹೂಡಿಕೆದಾರರು ಬೇಡವೆಂದ ಮೇಲೆ, ಅದೇ ವಿಚಾರದ ವಿಸ್ತೃತ ರೂಪವಾಗಿ 2013ರಲ್ಲಿ ಕ್ಯಾನ್ವಾ ಬಳಕೆಗೆ ಬಂತು. ಟೋಬಿ ಲುಟ್ಕೆ ಜರ್ಮನಿಯಲ್ಲಿ ಶಾಲೆ ಬಿಟ್ಟು, ಸೀಮೆನ್ಸ್‌ನ ಅಂಗಸಂಸ್ಥೆಯೊಂದರಲ್ಲಿ ಪ್ರೋಗ್ರಾಮರ್ ಆಗಿ ಕೆಲಸ ಕಲಿತವರು. ಕೆನಡಾಕ್ಕೆ ಹೋಗಿ 2004ರಲ್ಲಿ ಹಿಮದ ಮೇಲೆ ಜಾರುವ ಹಲಗೆಗಳನ್ನು ಆನ್‌ಲೈನಿನಲ್ಲಿ ಮಾರಲು ಹೊರಟಾಗ ಸಿಕ್ಕ ಅಂಗಡಿ ತಂತ್ರಾಂಶಗಳು ಯಾವುವೂ ಹಿಡಿಸದೆ ತಾವೇ ಬರೆದುಕೊಂಡರು. ಹಲಗೆಗಳ ಅಂಗಡಿ ನಿಂತುಹೋಯಿತು, ಅದಕ್ಕಾಗಿ ಬರೆದ ತಂತ್ರಾಂಶ 2006ರಲ್ಲಿ ಶಾಪಿಫೈ ಆಯಿತು.

ಸ್ಟೂವರ್ಟ್ ಬಟರ್‌ಫೀಲ್ಡ್ ಅವರದು ಇನ್ನೂ ವಿಚಿತ್ರ ಕಥೆ. ಓದಿದ್ದು ತತ್ತ್ವಶಾಸ್ತ್ರ, ಅದರಲ್ಲೇ ಸ್ನಾತಕೋತ್ತರ ಪದವಿ. ಕಟ್ಟಲು ಹೊರಟದ್ದು ಎರಡು ಸಲವೂ ಆನ್‌ಲೈನ್ ಆಟ, ಎರಡು ಸಲವೂ ಆಟ ಕೈಕೊಟ್ಟಿತು. ಮೊದಲ ಆಟದ ತುಣುಕಿನಿಂದ 2004ರಲ್ಲಿ ಫೋಟೊ ಹಂಚಿಕೊಳ್ಳುವ ಫ್ಲಿಕರ್ ಹುಟ್ಟಿತು, ಮರುವರ್ಷ ಯಾಹೂ ಅದನ್ನು ಕೊಂಡಿತು. ಎರಡನೆಯ ಆಟ ಗ್ಲಿಚ್ 2012ರ ಕೊನೆಯಲ್ಲಿ ಮುಚ್ಚಿತು. ಬೇರೆ ಬೇರೆ ಊರುಗಳಲ್ಲಿದ್ದ ಆ ಆಟದ ತಂಡ ತನ್ನೊಳಗಿನ ಮಾತುಕತೆಗೆಂದು, ಹಳೆಯ ಐಆರ್‌ಸಿ ಚಾಟ್ ವ್ಯವಸ್ಥೆಯ ಮೇಲೆ, ಬೇಕುಬೇಕಾದ ಸೌಲಭ್ಯಗಳನ್ನು ಒಂದೊಂದಾಗಿ ಹೆಣೆದುಕೊಂಡಿತ್ತು. ಯಾರೂ ಅದನ್ನು ಉತ್ಪನ್ನವೆಂದು ಭಾವಿಸಿರಲಿಲ್ಲ. ಆಟ ಮುಚ್ಚಿದ ಮೇಲೆ, ಮುಂದೆ ಏನು ಮಾಡಿದರೂ ಆ ಸಲಕರಣೆಯಿಲ್ಲದೆ ಕೆಲಸ ಮಾಡಲಾರೆವು ಎಂಬುದು ಅವರಿಗೆ ಹೊಳೆಯಿತು. 2014ರ ಫೆಬ್ರುವರಿಯಲ್ಲಿ ಸ್ಲ್ಯಾಕ್ ಎಂಬ ಹೆಸರಿನಲ್ಲಿ ಅದು ಎಲ್ಲರ ಬಳಕೆಗೆ ತೆರೆಯಿತು. 2020ರಲ್ಲಿ ಸೇಲ್ಸ್‌ಫೋರ್ಸ್ ಅದನ್ನು ಸುಮಾರು 2,770 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿತು. ಇದನ್ನು ಸೋಲಿನಿಂದ ಪಾಠ ಕಲಿತ ಕಥೆಯೆಂದು ಹೇಳುವ ವಾಡಿಕೆಯಿದೆ. ನಾನು ಹಾಗೆ ಓದುವುದಿಲ್ಲ. ಆಟಗಾರರಿಗೆ ಏನು ಬೇಕು ಎಂಬುದನ್ನು ಅವರು ಊಹಿಸಬೇಕಾಗಿತ್ತು, ತಮ್ಮ ತಂಡಕ್ಕೆ ಏನು ಬೇಕು ಎಂಬುದನ್ನು ಊಹಿಸಬೇಕಾಗಿರಲಿಲ್ಲ. ಊಹೆ ಎರಡು ಸಲ ತಪ್ಪಿತು, ನಿತ್ಯದ ಬಳಕೆ ತಪ್ಪಲಿಲ್ಲ.

ಈಗ ನಿಮ್ಮ ಪತ್ರಕ್ಕೆ ಮರಳುತ್ತೇನೆ. ಅದರಲ್ಲಿ ನಿಮ್ಮ ವಯಸ್ಸಿದೆ, ಅನುಭವವಿದೆ, ಇಲ್ಲದ ಪದವಿಯ ಬಗ್ಗೆ ಕೊರಗಿದೆ. ನಿಮ್ಮ ಉತ್ಪನ್ನವನ್ನು ಯಾರು ಬಳಸುತ್ತಾರೆ ಎಂಬ ಬಗ್ಗೆ ಒಂದಕ್ಷರವೂ ಇಲ್ಲ. ಇದನ್ನು ಆಕ್ಷೇಪವೆಂದು ತಿಳಿಯಬೇಡಿ. ದೊಡ್ಡ ಕಂಪನಿಯಲ್ಲಿ ಹಲವು ವರ್ಷ ಕೋಡ್ ಬರೆದ ಎಂಜಿನಿಯರ್‌ಗಳ ಹಿನ್ನೆಲೆಯಲ್ಲಿ ಸಾಮಾನ್ಯವಾಗಿ ಇರುವ ಕೊರತೆ ಇದೊಂದೇ, ಮತ್ತು ಅದು ಅವರ ತಪ್ಪೂ ಅಲ್ಲ. ಬಳಕೆದಾರನ ಮಾತು ಮಾರಾಟ ವಿಭಾಗಕ್ಕೆ ಹೋಗಿ, ಅಲ್ಲಿಂದ ಪ್ರಾಡಕ್ಟ್ ಮ್ಯಾನೇಜರ್ ಬಳಿ ಬಂದು, ಟಿಕೆಟ್ ಎಂಬ ಕೆಲಸದ ಚೀಟಿಯಾಗಿ ನಿಮ್ಮ ಪರದೆಯ ಮೇಲೆ ಮೂಡುವ ಹೊತ್ತಿಗೆ, ಅದರಲ್ಲಿ ಏನು ಮಾಡಬೇಕು ಎಂಬುದು ಉಳಿದಿರುತ್ತದೆ, ಏಕೆ ಎಂಬುದು ಸೋರಿಹೋಗಿರುತ್ತದೆ.

ನಾನೂ ಹಾಗೆಯೇ ಬಂದವನು. ಇಬ್ಬರು ಗೆಳೆಯರೊಡನೆ ಆರಂಭಿಸಿದ ಕಂಪನಿಯಲ್ಲಿ ನಾವು ಗೋದಾಮುಗಳ ದಾಸ್ತಾನು ಲೆಕ್ಕದ ತಂತ್ರಾಂಶ ಮಾಡುತ್ತಿದ್ದೆವು. ನಾಲ್ಕು ತಿಂಗಳು ಕುಳಿತು ಬಣ್ಣಬಣ್ಣದ ನಕ್ಷೆಗಳಿರುವ ಒಂದು ಪುಟವನ್ನು ನಾನೇ ಬರೆದಿದ್ದೆ. ಒಮ್ಮೆ ಸರ್ವರ್ ತೊಂದರೆಯೊಂದನ್ನು ಸರಿಪಡಿಸಲು ಗ್ರಾಹಕರ ಗೋದಾಮಿಗೆ ಹೋದವನು ಅಲ್ಲಿನ ಗುಮಾಸ್ತೆಯೊಬ್ಬರ ಹಿಂದೆ ಒಂದು ಬೆಳಿಗ್ಗೆ ಪೂರ್ತಿ ಕುಳಿತೆ. ಅವರು ನಮ್ಮ ತಂತ್ರಾಂಶ ತೆರೆದರು, ಇಡೀ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಂಡರು, ಮೂರು ಕಾಲಂ ಅಳಿಸಿದರು, ಉಳಿದದ್ದನ್ನು ರ್‍ಯಾಕ್ ನಂಬರಿನ ಕ್ರಮದಲ್ಲಿ ಜೋಡಿಸಿ ಪ್ರಿಂಟ್ ತೆಗೆದರು. ಆ ಹಾಳೆಯನ್ನು ರಟ್ಟಿಗೆ ಸಿಕ್ಕಿಸಿಕೊಂಡು ರ್‍ಯಾಕುಗಳ ನಡುವೆ ನಡೆಯುತ್ತ ಪೆನ್ನಿನಲ್ಲಿ ಗುರುತು ಹಾಕಿದರು, ಹಿಂದಿರುಗಿ ಬಂದು ಒಂದೊಂದೇ ಸಂಖ್ಯೆಯನ್ನು ಮತ್ತೆ ಟೈಪ್ ಮಾಡಿದರು. ನಕ್ಷೆಗಳ ಪುಟವನ್ನು ನೋಡಿದ್ದೀರಾ ಎಂದು ಕೇಳಿದೆ. ಅಂಥದ್ದೊಂದು ಇದೆಯೆಂದೇ ಅವರಿಗೆ ಗೊತ್ತಿರಲಿಲ್ಲ. ಆ ಹಾಳೆ ನೇರವಾಗಿ ಬರುವಂತೆ ಒಂದು ಬಟನ್ ಬರೆಯಲು ನನಗೆ ಎರಡು ದಿನ ಸಾಕಾಯಿತು. ಕಂಪನಿ ಇದ್ದಷ್ಟು ಕಾಲವೂ ನಮ್ಮ ಗ್ರಾಹಕರು ಅತಿ ಹೆಚ್ಚು ಒತ್ತಿದ್ದು ಅದೇ ಬಟನ್.

ಆದ್ದರಿಂದ ನಿಮಗೆ ಬೇಕಾದ ಹಿನ್ನೆಲೆಯನ್ನು ನೀವು ಇನ್ನೂ ಗಳಿಸಬಹುದು, ಅದಕ್ಕೆ ವಿಶ್ವವಿದ್ಯಾಲಯಕ್ಕೆ ಹೋಗಬೇಕಾಗಿಲ್ಲ. ಈಗಿನ ಕೆಲಸದಲ್ಲೇ ಗ್ರಾಹಕ ಬೆಂಬಲ ವಿಭಾಗಕ್ಕೆ ಬರುವ ಕರೆಗಳನ್ನು ಕೇಳಲು ಅವಕಾಶ ಕೇಳಿ. ಹೊಸ ಗ್ರಾಹಕರಲ್ಲಿ ತಂತ್ರಾಂಶ ಅಳವಡಿಸುವ ತಂಡಕ್ಕೆ ಎಂಜಿನಿಯರ್ ಬೇಕಾದಾಗ ಹೆಸರು ಕೊಡಿ. ಒಳ್ಳೆಯ ಎಂಜಿನಿಯರ್‌ಗಳು ತಪ್ಪಿಸಿಕೊಳ್ಳಲು ನೋಡುವ ಆ ಕೆಲಸದಲ್ಲಿ ಒಂದು ವರ್ಷ ಕಳೆದರೆ, ಯಾವ ತರಗತಿಯೂ ಕಲಿಸದಷ್ಟನ್ನು ಕಲಿಯುತ್ತೀರಿ. ಮಾರಾಟದವರ ಜೊತೆ ಡೆಮೊಗೆ ಹೋಗಿ, ಹೋದಲ್ಲಿ ಬಾಯಿ ಮುಚ್ಚಿಕೊಂಡು ಕುಳಿತಿರಿ. ಜನ ದುಡ್ಡಿನ ಮಾತು ಬಂದಾಗ ಯಾವ ಪ್ರಶ್ನೆ ಕೇಳುತ್ತಾರೆ, ಯಾರ ಒಪ್ಪಿಗೆ ಬೇಕು ಎನ್ನುತ್ತಾರೆ, ಚೆನ್ನಾಗಿದೆ ಎಂದು ಹೊಗಳಿಯೂ ಏಕೆ ಕೊಳ್ಳುವುದಿಲ್ಲ ಎಂಬುದನ್ನು ಕಿವಿಯಾರೆ ಕೇಳದ ಎಂಜಿನಿಯರ್ ಮುಂದೆ ತನ್ನ ಉತ್ಪನ್ನದ ಬೆಲೆಯನ್ನು ಬಹುತೇಕ ತಪ್ಪಾಗಿಯೇ ಇಡುತ್ತಾನೆ, ಹೆಚ್ಚಾಗಿ ತೀರ ಕಡಿಮೆ ಇಡುತ್ತಾನೆ.

ಮಾರಾಟದ ಬಗ್ಗೆ ಎಂಜಿನಿಯರ್‌ಗಳಿಗಿರುವ ಸಂಕೋಚವನ್ನು ನಾನು ಬಲ್ಲೆ. ಆದರೂ ಮೊದಲ ಹತ್ತು ಗ್ರಾಹಕರನ್ನು ಸಂಸ್ಥಾಪಕರೇ ತರಬೇಕು, ಮಾರಾಟಗಾರರನ್ನು ನೇಮಿಸಿಕೊಂಡು ತಪ್ಪಿಸಿಕೊಳ್ಳುವಂತಿಲ್ಲ. ಏನನ್ನು ಮಾರುತ್ತಿದ್ದೇವೆ ಎಂಬುದೇ ಆ ಹಂತದಲ್ಲಿ ನಿರ್ಧಾರವಾಗಿರುವುದಿಲ್ಲ, ಅದನ್ನು ನಿರ್ಧರಿಸುವ ಅಧಿಕಾರ ನೇಮಕಗೊಂಡವರಿಗೆ ಇರುವುದಿಲ್ಲ. ಕಂಪನಿ ಇಪ್ಪತ್ತು ಮೂವತ್ತು ಜನರಿಗೆ ಬೆಳೆದ ಮೇಲೆ ನಿಮ್ಮ ಕೆಲಸ ಮತ್ತೆ ಬದಲಾಗುತ್ತದೆ. ಕೋಡ್ ಬರೆಯುವ ಸುಖ ಕೈತಪ್ಪಿ, ಜನರನ್ನು ಆರಿಸುವುದು, ಜಗಳ ಬಿಡಿಸುವುದು, ತಿಂಗಳ ಕೊನೆಗೆ ಖಾತೆಯಲ್ಲಿ ಸಂಬಳಕ್ಕೆ ಹಣವಿದೆಯೇ ಎಂದು ನೋಡುವುದು ಇವೇ ದಿನವನ್ನು ತಿನ್ನುತ್ತವೆ. ಇದು ಬೇಡವೆನಿಸಿದರೆ ಅದರಲ್ಲಿ ಅವಮಾನವಿಲ್ಲ. ಆದರೆ ಸಹ-ಸಂಸ್ಥಾಪಕರನ್ನು ಆರಿಸುವಾಗ ಆ ಕೆಲಸವನ್ನು ಇಷ್ಟಪಟ್ಟು ಮಾಡುವವರನ್ನೇ ಆರಿಸಿಕೊಳ್ಳಬೇಕಾಗುತ್ತದೆ.

ಸಹ-ಸಂಸ್ಥಾಪಕರ ವಿಷಯದಲ್ಲಿ ಒಂದೇ ಮಾತು ಹೇಳುತ್ತೇನೆ, ಏಕೆಂದರೆ ನನ್ನ ಕಂಪನಿ ಮುಚ್ಚಿದ್ದು ಇದರಿಂದಲೇ. ಷೇರುಗಳನ್ನು ಮೊದಲ ದಿನವೇ ಪೂರ್ತಿಯಾಗಿ ಹಂಚಿಬಿಡಬೇಡಿ. ನಾಲ್ಕು ವರ್ಷಗಳ ಅವಧಿಯಲ್ಲಿ ಅವು ಸ್ವಲ್ಪ ಸ್ವಲ್ಪವಾಗಿ ಅವರದಾಗುವಂತೆ, ಮೊದಲ ಒಂದು ವರ್ಷ ಪೂರೈಸದೆ ಹೊರಟವರಿಗೆ ಏನೂ ಸಿಗದಂತೆ ಒಪ್ಪಂದ ಬರೆಯುವುದು ಎಲ್ಲೆಡೆ ಇರುವ ಪದ್ಧತಿ. ಇದನ್ನು ವೆಸ್ಟಿಂಗ್ ಎನ್ನುತ್ತಾರೆ. ಗೆಳೆಯರ ನಡುವೆ ಅದೆಲ್ಲ ಏಕೆಂದು ನಾವು ಬರೆಯಲಿಲ್ಲ. ನಮ್ಮಲ್ಲೊಬ್ಬರು ಎಂಟನೆಯ ತಿಂಗಳಿಗೆ ಬೇರೆ ಕೆಲಸಕ್ಕೆ ಹೋದರು, ಕಂಪನಿಯ ಮೂರನೆಯ ಒಂದು ಭಾಗ ಅವರ ಹೆಸರಿನಲ್ಲೇ ಉಳಿಯಿತು. ಎರಡು ವರ್ಷಗಳ ನಂತರ ಹಣ ಹೂಡಲು ಮುಂದೆ ಬಂದವರು ಷೇರುದಾರರ ಪಟ್ಟಿಯನ್ನು ನೋಡಿ ಹಿಂದೆ ಸರಿದರು.

ಪದವಿಯಿಂದ ಪ್ರಯೋಜನವೇ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಹೆಸರಾಂತ ವಿಶ್ವವಿದ್ಯಾಲಯದಲ್ಲಿ ಓದಿದವರಿಗೆ ಹೂಡಿಕೆದಾರರ ಬಾಗಿಲು ಬೇಗ ತೆರೆಯುತ್ತದೆ, ಜೊತೆಗೆ ಓದಿದವರಲ್ಲೇ ಸಹ-ಸಂಸ್ಥಾಪಕರೂ ಸಿಗುತ್ತಾರೆ. ಅದಕ್ಕಿಂತ ದೊಡ್ಡದಾದ, ಪರಿಚಯಗಳಲ್ಲಿ ಎಂದೂ ಬರೆಯದ ಇನ್ನೊಂದು ಅನುಕೂಲವಿದೆ: ಎರಡು ವರ್ಷ ಸಂಬಳವಿಲ್ಲದೆ ಇದ್ದರೂ ಮನೆ ನಡೆಯುತ್ತದೆ ಎಂಬ ಭರವಸೆ. ಅದು ತಂದೆತಾಯಿಯ ಆಸ್ತಿಯಿಂದ ಬಂದಿರಬಹುದು, ಸಂಗಾತಿಯ ಸಂಬಳದಿಂದ ಬಂದಿರಬಹುದು, ಹಳೆಯ ಕಂಪನಿಯ ಷೇರು ಮಾರಿದ ಹಣದಿಂದ ಬಂದಿರಬಹುದು. ಹನ್ನೊಂದು ವರ್ಷ ದುಡಿದ ನಿಮಗೆ ಉಳಿತಾಯವಿದ್ದರೆ, ಇಪ್ಪತ್ತರ ಹುಡುಗರಿಗಿಲ್ಲದ ಬಲ ಅದು. ಮನೆಯ ಖರ್ಚಿಗೆ ಎಷ್ಟು ತಿಂಗಳು ಸಾಕಾಗುತ್ತದೆ ಎಂಬುದನ್ನು ಮನೆಯವರ ಜೊತೆ ಕುಳಿತು ಲೆಕ್ಕ ಹಾಕಿ, ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಕೊನೆಯ ಪ್ರಶ್ನೆ, ಕೆಲಸ ಬಿಡಬೇಕೇ ಎಂಬುದು. ಈಗಲೇ ಬೇಡ. ನೌಕರಿಯಲ್ಲಿದ್ದುಕೊಂಡೇ ವ್ಯವಹಾರ ಆರಂಭಿಸಿ ಆಮೇಲೆ ಪೂರ್ಣಾವಧಿಗೆ ಬಂದವರ ವ್ಯವಹಾರ ನಿಂತುಹೋಗುವ ಸಂಭವವು, ಒಮ್ಮೆಲೇ ಕೆಲಸ ಬಿಟ್ಟು ಧುಮುಕಿದವರದಕ್ಕಿಂತ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡಿದೆ. ಆದರೆ ಇದಕ್ಕೆ ಮುನ್ನ ನೀವು ಸೇರುವಾಗ ಸಹಿ ಹಾಕಿದ ನೇಮಕಾತಿ ಒಪ್ಪಂದವನ್ನು ಹುಡುಕಿ ತೆಗೆದು, ಬೌದ್ಧಿಕ ಸ್ವತ್ತಿನ ಭಾಗವನ್ನು ಓದಬೇಕು. ಕೆಲಸದಲ್ಲಿರುವಾಗ ನೀವು ಬರೆದದ್ದೆಲ್ಲ, ಬಿಡುವಿನಲ್ಲಿ ಬರೆದದ್ದೂ ಸೇರಿ, ಕಂಪನಿಯದೇ ಎಂಬ ಷರತ್ತು ಎಷ್ಟೋ ಒಪ್ಪಂದಗಳಲ್ಲಿ ಇರುತ್ತದೆ. ಬೇರೆ ವ್ಯವಹಾರ ಮಾಡಬಾರದು ಎಂಬ ಷರತ್ತೂ ಇರಬಹುದು. ಆ ಭಾಗವನ್ನು ವಕೀಲರೊಬ್ಬರಿಗೆ ತೋರಿಸಿ. ಅವರು ಒಪ್ಪುವವರೆಗೆ ಕೋಡ್ ಬರೆಯಬೇಡಿ, ಒಪ್ಪಿದ ಮೇಲೂ ಕಂಪನಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಬರೆಯಬೇಡಿ. ಅಲ್ಲಿಯವರೆಗಿನ ಸಂಜೆಗಳನ್ನು ನಿಮ್ಮ ಉತ್ಪನ್ನ ಬಳಸಬೇಕಾದವರ ಪಕ್ಕದಲ್ಲಿ ಕುಳಿತು ಅವರ ಕೆಲಸ ನೋಡುವುದಕ್ಕೆ ಇಟ್ಟುಕೊಳ್ಳಿ. ಅದಕ್ಕೆ ಲ್ಯಾಪ್‌ಟಾಪ್ ಬೇಕಾಗುವುದಿಲ್ಲ, ಒಂದು ನೋಟ್‌ಬುಕ್ ಸಾಕು.